ಬೀಗ ಕೊಂಡವನಿಗೆ, ಬಾಗಿಲು ಕಳ್ಳನಿಗೆ

ಹಾಡಿಗೆ ನಕಲು ತಡೆಯುವ ಬೀಗ ಬೇಕು, ಇಲ್ಲದಿದ್ದರೆ ಜನ ಕದಿಯುತ್ತಾರೆ. ಕದ್ದರೆ ಕಂಪನಿ ಮುಳುಗುತ್ತದೆ, ಕಂಪನಿ ಮುಳುಗಿದರೆ ಕಲಾವಿದ ಬೀದಿಗೆ ಬೀಳುತ್ತಾನೆ. ಬೀಗಕ್ಕೆ ಅಂಜಬೇಕಾದವನು ಕಳ್ಳ; ದುಡ್ಡು ಕೊಟ್ಟು ಕೊಂಡವನಿಗೆ ಅದರಿಂದ ಏನೂ ಆಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸಂಗೀತ ಸಭೆಗಳ ಚಹಾ ವಿರಾಮದಲ್ಲಿ, ಕ್ಯಾಸೆಟ್ ಅಂಗಡಿ ಮುಚ್ಚಿ ಮೊಬೈಲ್ ಕವರ್ ಮಾರಲು ಕೂತವರ ಬಾಯಲ್ಲಿ, ಸಿನಿಮಾ ಮಂದಿಯ ಪತ್ರಿಕಾಗೋಷ್ಠಿಗಳಲ್ಲಿ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ ಈಗ ಯಾರೂ ಅದನ್ನು ತಡೆದು ಕೇಳುವುದೇ ಇಲ್ಲ. ಜನ ಕದ್ದದ್ದು ನಿಜ. ಕಂಪನಿಗಳಿಗೆ ಪೆಟ್ಟು ಬಿದ್ದದ್ದೂ ನಿಜ. ಆದರೆ ಕೊಂಡವನಿಗೆ ಏನೂ ಆಗುವುದಿಲ್ಲ ಎಂಬ ಕೊನೆಯ ಮಾತಿದೆಯಲ್ಲ, ಅದು ಹಸಿ ಸುಳ್ಳು. ಬೀಗ ಬಿದ್ದದ್ದೇ ಕೊಂಡವನಿಗೆ. ಕಳ್ಳನ ಕೈಗೆ ಬರುವ ಹೊತ್ತಿಗೆ ಹಾಡು ಬೀಗ ಕಳಚಿಕೊಂಡೇ ಬಂದಿರುತ್ತದೆ.

ಉಣಕಲ್ ಕೆರೆ ದಾಟಿ ಧಾರವಾಡದ ಕಡೆ ಹೊರಟರೆ ಸಿಗುವ ಬೈರಿದೇವರಕೊಪ್ಪದಲ್ಲಿ ಕೂತು ಸಿಡಿ ಬೀಗದ ಹಳೇ ಪುರಾಣ ತೆಗೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಇದು ಹಿಂದೂಸ್ತಾನಿ ಸಂಗೀತವನ್ನು ದುಡ್ಡು ಕೊಟ್ಟು ಕೊಂಡ ಸೀಮೆ. ಚಿಗರಿ ಬಸ್ಸಿನಲ್ಲಿ ಎರಡು ನಿಲ್ದಾಣ ಹಿಂದಕ್ಕೆ ಹೋದರೆ ಉಣಕಲ್‌ನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಗುರುಕುಲ ಇದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಟ್ರಂಕಿನ ಪಕ್ಕ ಎಲ್‌ಪಿ, ಅದರ ಮೇಲೆ ಕ್ಯಾಸೆಟ್, ಅದರ ಮೇಲೆ ಸಿಡಿ ಪೇರಿಸಿಟ್ಟಿದ್ದಾರೆ. ಒಂದೇ ಮಾಲ್ಕೌಂಸ್ ರಾಗವನ್ನು ಮೂರು ಸಲ ಕೊಂಡ ಮಂದಿ ಇವರು. ಬೀಗದ ಲೆಕ್ಕ ಕೇಳುವ ಹಕ್ಕು ಇವರಿಗಿಲ್ಲದೆ ಇನ್ನಾರಿಗಿದೆ?

ಸಿಡಿ ಹುಟ್ಟಿದಾಗ ಅದಕ್ಕೆ ಬೀಗ ಇರಲಿಲ್ಲ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ‘ರೆಡ್ ಬುಕ್’ ಎಂಬ ನಿಯಮಾವಳಿ ಬರೆದವು, 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಆ ನಿಯಮಾವಳಿಯ ಜೀವಾಳ ಒಂದೇ: ಯಾವ ಕಂಪನಿಯ ಸಿಡಿಯಾದರೂ ಯಾವ ಕಂಪನಿಯ ಪ್ಲೇಯರಿನಲ್ಲಾದರೂ ನುಡಿಯಬೇಕು. ಸಿಡಿಯ ಮೇಲಿನ ಆ ಚಿಕ್ಕ ಲಾಂಛನ ಕೊಳ್ಳುವವನಿಗೆ ಕೊಟ್ಟ ಮಾತು. ಮನೆಮನೆಯ ಕಂಪ್ಯೂಟರು ಸಿಡಿ ಓದುತ್ತದೆ, ಓದಿದ್ದನ್ನು ಎಂಪಿ3 ಮಾಡುತ್ತದೆ, ಖಾಲಿ ಸಿಡಿಗೆ ಬರೆಯುತ್ತದೆ ಎಂದು ಆಗ ಯಾರೂ ಎಣಿಸಿರಲಿಲ್ಲ. 1999ರಲ್ಲಿ ಇಂಟರ್‌ನೆಟ್ಟಿನಲ್ಲಿ ಹಾಡು ಹಂಚುವ ನ್ಯಾಪ್‌ಸ್ಟರ್ ಬಂದದ್ದೇ ತಡ, ಕಂಪನಿಗಳು ಕಂಗಾಲಾದವು. ಮುಂದಿನ ಎರಡು ಮೂರು ವರ್ಷಗಳಲ್ಲಿ ಅವು ಹುಡುಕಿಕೊಂಡ ಉಪಾಯ ಬೇಕೆಂದೇ ಕೆಡಿಸಿದ ಸಿಡಿ ಮಾರುವುದು.

ಕೆಡಿಸಿದ ಎಂಬುದು ಸಿಟ್ಟಿನ ಮಾತಲ್ಲ. ಸಿಡಿಯಲ್ಲಿ ಹಾಡಿನ ಜೊತೆಗೇ ತಪ್ಪು ತಿದ್ದಿಕೊಳ್ಳುವ ಹೆಚ್ಚುವರಿ ಮಾಹಿತಿಯೂ ಇರುತ್ತದೆ. ಸಣ್ಣ ಗೆರೆ ಬಿದ್ದರೂ, ಬೆರಳಿನ ಎಣ್ಣೆ ಅಂಟಿದರೂ ಪ್ಲೇಯರು ಆ ಮಾಹಿತಿಯ ಬಲದಿಂದ ಕಾಣೆಯಾದ ಸ್ವರವನ್ನು ಲೆಕ್ಕ ಹಾಕಿ ತುಂಬುತ್ತದೆ, ಕೇಳುವವನಿಗೆ ಗೊತ್ತೂ ಆಗುವುದಿಲ್ಲ. ‘ಕ್ಯಾಕ್ಟಸ್ ಡೇಟಾ ಶೀಲ್ಡ್’ನಂಥ ಬೀಗಗಳು ಕೈ ಹಾಕಿದ್ದು ಇಲ್ಲಿಗೇ. ಮಾಹಿತಿಯಲ್ಲಿ ಕಾರ್ಖಾನೆಯಲ್ಲೇ ತಪ್ಪು ಸೇರಿಸುವುದು, ಯಾವ ಹಾಡು ಎಲ್ಲಿ ಆರಂಭ ಎಂದು ಹೇಳುವ ಪಟ್ಟಿಯನ್ನು ಗೊಂದಲ ಮಾಡುವುದು. ಮನೆಯ ಸಾದಾ ಪ್ಲೇಯರು ಹೇಗೋ ಸಂಭಾಳಿಸಿಕೊಳ್ಳುತ್ತದೆ, ಚುರುಕು ಕಂಪ್ಯೂಟರು ಗೊಂದಲಕ್ಕೆ ಬಿದ್ದು ಕೈಚೆಲ್ಲುತ್ತದೆ ಎಂಬುದು ಲೆಕ್ಕ. ಆದರೆ ಗೆರೆ ಬಿದ್ದಾಗ ಬಳಕೆಗೆಂದು ಇಟ್ಟಿದ್ದ ಗಂಟನ್ನು ಕಂಪನಿ ಮೊದಲೇ ಖರ್ಚು ಮಾಡಿ ಕಳಿಸಿದೆ ಎಂದಾಯಿತಲ್ಲ? ಇಂಥ ಸಿಡಿ ನಮ್ಮ ಪಿ.ಬಿ. ರಸ್ತೆಯ ಧೂಳಿನಲ್ಲಿ ಎಷ್ಟು ದಿನ ಬಾಳೀತು ಎಂದು ಯಾರೂ ಯೋಚಿಸಲಿಲ್ಲ. ಸಿಡಿಯ ಜನಕರಲ್ಲಿ ಒಬ್ಬರಾದ ಫಿಲಿಪ್ಸ್‌ನವರೇ 2002ರಲ್ಲಿ, ಇವು ಸಿಡಿಗಳೇ ಅಲ್ಲ, ಇವುಗಳ ಮೇಲೆ ನಮ್ಮ ಲಾಂಛನ ಹಾಕಬೇಡಿ ಎಂದು ಹೇಳಬೇಕಾಯಿತು.

ಲಾಂಛನ ಹೋಯಿತು, ಅದರ ಬದಲಿಗೆ ಸಣ್ಣಕ್ಷರ ಬಂತು. ಇಎಂಐ ಕಂಪನಿಯ ‘ಕಾಪಿ ಕಂಟ್ರೋಲ್’ ತಟ್ಟೆಗಳ ಹೊದಿಕೆಯ ಹಿಂಬದಿಯಲ್ಲಿ, ಕೆಲವು ಯಂತ್ರಗಳಲ್ಲಿ, ಉದಾಹರಣೆಗೆ ಕಾರಿನ ಸಿಡಿ ಪ್ಲೇಯರಿನಲ್ಲಿ, ತೊಂದರೆಯಾಗಬಹುದು ಎಂದು ಅಚ್ಚಾಗಿರುತ್ತಿತ್ತು. 2005ರಲ್ಲಿ ಬಂದ ಕೋಲ್ಡ್‌ಪ್ಲೇ ತಂಡದ ‘ಎಕ್ಸ್ ಅಂಡ್ ವೈ’ಗೂ ಇದೇ ಗತಿ. ಗಮನಿಸಿ, ಎಚ್ಚರಿಕೆ ಕೊಟ್ಟದ್ದು ಕಳ್ಳನಿಗಲ್ಲ. ಕಳ್ಳ ಹಿಂಬದಿ ಓದುವುದಿಲ್ಲ, ಅವನ ತಟ್ಟೆಗೆ ಹಿಂಬದಿಯೇ ಇರುವುದಿಲ್ಲ.

ಆ ಕಾಲದಲ್ಲೇ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಾನೊಂದು ವಿದೇಶಿ ಸಂಗೀತದ ಸಿಡಿ ಕೊಂಡಿದ್ದೆ. ಪ್ಲಾಸ್ಟಿಕ್ ಹಾಳೆ ಹರಿದು, ಸೆಕೆಂಡ್ ಹ್ಯಾಂಡ್ ಕಾರಿನ ಪ್ಲೇಯರಿಗೆ ಹಾಕಿದೆ. ತಟ್ಟೆ ಒಳಗೆ ಹೋಯಿತು, ಗುಂಯ್ ಎಂದು ಸುತ್ತಿತು, ಲೆನ್ಸು ಟಿಕ್ ಟಿಕ್ ಎಂದು ಹುಡುಕಾಡಿತು, ಹಸಿರು ಪರದೆಯಲ್ಲಿ ‘ಎರರ್’ ಮೂಡಿತು, ತಟ್ಟೆ ನಾಲಿಗೆ ಚಾಚಿದ ಹಾಗೆ ಹೊರಗೆ ಬಂತು. ಮನೆಯ ಕಂಪ್ಯೂಟರಿಗೆ ಹಾಕಿದರೆ ಅದು ತನ್ನದೇ ಒಂದು ಪ್ಲೇಯರನ್ನು ಬಿಚ್ಚಿ ಕೂಡಿಸಿ, ಅದರ ಮೂಲಕವೇ ಕೇಳು ಎಂದಿತು, ಧ್ವನಿ ಕಳಪೆ. ಅಂಗಡಿಗೆ ವಾಪಸು ಒಯ್ದೆ.

“ಓಪನ್ ಮಾಡಿದ್ದು ವಾಪಸ್ ತಗೊಳ್ಳೂದಿಲ್ರೀ ಸರ. ಹಿಂದ ಬರದದ ನೋಡ್ರಿ, ಕಾರಿನ್ಯಾಗ ನಡೀಲಿಕ್ಕಿಲ್ಲ ಅಂತ.”

“ಇಷ್ಟು ಸಣ್ಣ ಅಕ್ಷರ ಯಾರು ಓದ್ತಾರ್ರೀ?”

“ನಾನೂ ಓದಿದ್ದಿಲ್ರಿ. ನಿಮಗಿಂತ ಮೊದಲ ಇನ್ನೊಬ್ರು ತಂದು ಜಗಳಾ ತಗದ್ರು, ಆಗ ಓದೀನಿ.”

ಆತನ ತಪ್ಪೇನಿಲ್ಲ, ಆತ ಮಾರುವವನು ಮಾತ್ರ. ಅಲ್ಲಿಂದ ದುರ್ಗದಬೈಲಿಗೆ ನಡೆದು ಹೋದರೆ, ಮಿರ್ಚಿ ಗಾಡಿಗಳ ಸಾಲಿನಾಚೆ, ಪ್ಲಾಸ್ಟಿಕ್ ಚೀಲದಲ್ಲಿ ನೂರು ಹಾಡಿನ ಎಂಪಿ3 ತಟ್ಟೆಗಳು ಹರವಿಕೊಂಡಿದ್ದವು. ಬಣ್ಣದ ಜೆರಾಕ್ಸ್ ಹೊದಿಕೆ, ಹಾಡುಗಾರರ ಹೆಸರು ತಪ್ಪು ತಪ್ಪು, ಬರೆದವರ ಹೆಸರು ಇಲ್ಲವೇ ಇಲ್ಲ. ಆದರೆ ಕಾರಿನಲ್ಲಿ ನುಡಿಯುತ್ತಿತ್ತು, ಮನೆಯಲ್ಲಿ ನುಡಿಯುತ್ತಿತ್ತು, ಟ್ರ್ಯಾಕ್ಟರಿಗೆ ಕಟ್ಟಿದ ಡಬ್ಬಿಯಲ್ಲೂ ನುಡಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇದಕ್ಕಿಂತ ಅಚ್ಚುಕಟ್ಟಾಗಿ ಬೇರೆಲ್ಲಿ ಕೂತೀತೋ ನನಗೆ ತಿಳಿಯದು.

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಬೀಗವಾದರೂ ಗಟ್ಟಿಯಿತ್ತೇ? 2002ರ ಮೇ ತಿಂಗಳಲ್ಲಿ ಜನ ಕಂಡುಕೊಂಡದ್ದು ಏನೆಂದರೆ, ತಟ್ಟೆಯ ಹೊರ ಅಂಚಿನ ಹತ್ತಿರ ಮಾರ್ಕರ್ ಪೆನ್ನಿನಿಂದ ಕಪ್ಪು ಗೆರೆ ಎಳೆದರೆ ಕೆಲವು ಬೀಗಗಳು ಕಳಚಿ ಬೀಳುತ್ತವೆ. ಕಂಪ್ಯೂಟರನ್ನು ದಾರಿ ತಪ್ಪಿಸುವ ಮಾಹಿತಿ ಇದ್ದದ್ದು ಆ ಅಂಚಿನಲ್ಲಿ. ಅದು ಕಾಣದಿದ್ದರೆ ಉಳಿದದ್ದು ಸಾದಾ ಹಾಡಿನ ಸಿಡಿ. ಮರುವರ್ಷ ಸನ್‌ಕಾಮ್ ಎಂಬ ಕಂಪನಿ ‘ಮೀಡಿಯಾಮ್ಯಾಕ್ಸ್’ ಬೀಗ ತಂದಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್, ಸಿಡಿ ಹಾಕುವಾಗ ಕೀಲಿಮಣೆಯ ಶಿಫ್ಟ್ ಗುಂಡಿ ಒತ್ತಿ ಹಿಡಿದರೆ ಆ ಬೀಗ ಏಳುವುದೇ ಇಲ್ಲ ಎಂದು ಬರೆದ. ಕಂಪನಿ ಮೊದಲು ಒಂದು ಕೋಟಿ ಡಾಲರ್ ದಾವೆ ಹೂಡುತ್ತೇವೆ ಎಂದು ಗುಡುಗಿತು, ಆಮೇಲೆ ನಗೆಪಾಟಲಾದದ್ದು ತಿಳಿದು ಸುಮ್ಮನಾಯಿತು. ಒಂದು ರೂಪಾಯಿಯ ಶಾಯಿ, ಒಂದು ಬೆರಳು. ಸಾವಿರಾರು ಪ್ರತಿ ಹೊಡೆಯುವವನಿಗೆ ಇದು ತಡೆಯೇ? ಅವನಿಗೆ ಒಮ್ಮೆ ಬೀಗ ತೆಗೆದರೆ ಸಾಕು. ಬೀಗದ ಜೊತೆ ದಿನಾ ಬಾಳಬೇಕಾದವನು ಶಿಫ್ಟ್ ಗುಂಡಿಯ ಸುದ್ದಿ ತಿಳಿಯದ, ಬಿಲ್ಲು ಜೋಪಾನವಾಗಿ ಇಟ್ಟುಕೊಂಡ ಗಿರಾಕಿ.

ಇಲ್ಲಿಯವರೆಗಿನದು ಪೆದ್ದುತನ. 2005ರಲ್ಲಿ ನಡೆದದ್ದು ದ್ರೋಹ. ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ಪರಿಣತ ತನ್ನ ಕಂಪ್ಯೂಟರಿನಲ್ಲಿ ಯಾರಿಗೂ ಕಾಣದ ಹಾಗೆ ಅಡಗಿ ಕೂತಿದ್ದ ತಂತ್ರಾಂಶವೊಂದನ್ನು ಪತ್ತೆಮಾಡಿ ಪ್ರಕಟಿಸಿದ. ಬೆನ್ನು ಹತ್ತಿ ಹೋದರೆ ಅದು ಬಂದದ್ದು ವ್ಯಾನ್ ಜ್ಯಾಂಟ್ ಸೋದರರ ಒಂದು ಸಿಡಿಯಿಂದ, ದುಡ್ಡು ಕೊಟ್ಟೇ ಕೊಂಡ ಸಿಡಿಯಿಂದ. ಮಾರಿದ್ದು ಸೋನಿ ಬಿಎಂಜಿ. ಬೀಗ ಬರೆದುಕೊಟ್ಟದ್ದು ಇಂಗ್ಲೆಂಡಿನ ಫಸ್ಟ್ 4 ಇಂಟರ್‌ನೆಟ್ ಎಂಬ ಸಂಸ್ಥೆ. ಬೀಗದ ಹೆಸರು ಎಕ್ಸ್‌ಸಿಪಿ. ಕಂಪ್ಯೂಟರಿನ ಮಾಲೀಕನ ಕಣ್ಣಿಗೇ ಮಣ್ಣೆರಚುವ ಇಂಥ ತಂತ್ರಾಂಶಕ್ಕೆ ರೂಟ್‌ಕಿಟ್ ಎನ್ನುತ್ತಾರೆ. ಹೆಸರಿನ ಆರಂಭದಲ್ಲಿ ಒಂದು ಗೊತ್ತಾದ ಗುರುತು ಇದ್ದ ಯಾವ ಕಡತವನ್ನಾದರೂ ಅದು ಮರೆಮಾಡುತ್ತಿತ್ತು. ವೈರಸ್ ಬರೆಯುವವರಿಗೆ ಹಬ್ಬ. ಕೆಲವೇ ದಿನಗಳಲ್ಲಿ ಅದೇ ಗುರುತು ಹಚ್ಚಿಕೊಂಡ ದುಷ್ಟ ತಂತ್ರಾಂಶಗಳು ಓಡಾಡತೊಡಗಿದವು. ಕೈಯಾರೆ ಕಿತ್ತುಹಾಕಲು ಹೋದರೆ ಸಿಡಿ ಡ್ರೈವೇ ಕಂಪ್ಯೂಟರಿನಿಂದ ಮಾಯ. ಕಂಪನಿ ಗಡಿಬಿಡಿಯಿಂದ ತೆಗೆಯುವ ಸಾಧನವೊಂದನ್ನು ಕೊಟ್ಟಿತು; ಅದು ಮೊದಲಿನದಕ್ಕಿಂತ ದೊಡ್ಡ ಕಿಂಡಿ ತೆರೆದಿಡುತ್ತದೆ ಎಂದು ಅದೇ ಹಾಲ್ಡರ್‌ಮನ್ ಮತ್ತು ಆತನ ಪ್ರಾಧ್ಯಾಪಕ ಎಡ್ ಫೆಲ್ಟನ್ ತೋರಿಸಿದರು.

ಈ ಬೀಗ ಹೊತ್ತ 52 ಆಲ್ಬಮ್ಮುಗಳಿದ್ದವು. ಅಂಗಡಿಗಳಿಗೆ ಹೋದ ಪ್ರತಿಗಳು ಸುಮಾರು 47 ಲಕ್ಷ, ಮಾರಾಟವಾದದ್ದು ಸುಮಾರು 21 ಲಕ್ಷ. ಹೆಚ್ಚಿನ ಜನಕ್ಕೆ ರೂಟ್‌ಕಿಟ್ ಎಂದರೇನೆಂದೇ ಗೊತ್ತಿಲ್ಲ, ಅವರಿಗೇಕೆ ಅದರ ಚಿಂತೆ ಎಂಬ ಅರ್ಥದ ಮಾತನ್ನು ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ರೇಡಿಯೋದಲ್ಲಿ ಆಡಿದರು. ಟೆಕ್ಸಸ್ ರಾಜ್ಯ ಮೊಕದ್ದಮೆ ಹೂಡಿತು, ಗ್ರಾಹಕರು ಸಾಮೂಹಿಕ ದಾವೆ ಹೂಡಿದರು, ಸಿಡಿಗಳನ್ನು ವಾಪಸು ಪಡೆಯಬೇಕಾಯಿತು. 2007ರ ಜನವರಿಯಲ್ಲಿ ಅಮೆರಿಕದ ವಾಣಿಜ್ಯ ಆಯೋಗದ ಮುಂದೆ ಆದ ಒಪ್ಪಂದದಂತೆ ಕಂಪ್ಯೂಟರ್ ಹಾಳಾದ ಗ್ರಾಹಕರಿಗೆ 150 ಡಾಲರ್‌ವರೆಗೆ ಪರಿಹಾರ ಕೊಡಲು ಕಂಪನಿ ಒಪ್ಪಿತು. ಯೋಚಿಸಿ: ಈ 21 ಲಕ್ಷದಲ್ಲಿ ಒಬ್ಬ ಕಳ್ಳನ ಕಂಪ್ಯೂಟರಾದರೂ ಕೆಟ್ಟಿತೇ? ಕದ್ದ ಎಂಪಿ3 ಇಳಿಸಿಕೊಂಡವನಿಗೆ ಎಕ್ಸ್‌ಸಿಪಿ ಬರುತ್ತಿರಲಿಲ್ಲ. ಅದನ್ನು ಪಡೆಯಲು ಇದ್ದ ದಾರಿ ಅಂಗಡಿಗೆ ಹೋಗಿ ನ್ಯಾಯವಾಗಿ ಬೆಲೆ ತೆರುವುದೊಂದೇ.

ಇದರ ಮೇಲೊಂದು ಕಿರೀಟ. ಎಕ್ಸ್‌ಸಿಪಿಯನ್ನು ಬಿಚ್ಚಿ ನೋಡಿದ ತಂತ್ರಜ್ಞರಿಗೆ ಅದರೊಳಗೆ ಬೇರೆಯವರು ಮುಕ್ತ ಪರವಾನಗಿಯಡಿ ಬರೆದ ತಂತ್ರಾಂಶದ ತುಣುಕುಗಳು, ಆ ಪರವಾನಗಿಯ ಶರತ್ತು ಪಾಲಿಸದೆ ಎತ್ತಿ ಹಾಕಿಕೊಂಡಂತೆ ಸಿಕ್ಕವು. ಕೃತಿಚೌರ್ಯ ತಡೆಯುವ ಬೀಗವೇ ಕದ್ದ ಕಬ್ಬಿಣದ್ದು. ಇನ್ನೂ ಹಿಂದಕ್ಕೆ ಹೋದರೆ, ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ಟೇಪು ಮಾಡಿಕೊಂಡು ನೋಡುವುದು ಜನರ ಹಕ್ಕು ಎಂದು ಹಾಲಿವುಡ್ಡಿನ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1984ರಲ್ಲಿ ಗೆದ್ದ ಕಂಪನಿಯ ಹೆಸರೂ ಸೋನಿಯೇ. ಆಗ ಅದು ರೆಕಾರ್ಡರು ಮಾರುತ್ತಿತ್ತು, 2005ರ ಹೊತ್ತಿಗೆ ಹಾಡೂ ಮಾರುತ್ತಿತ್ತು. ತತ್ವ ಬದಲಾಗಲು ಅಷ್ಟು ಸಾಕಾಯಿತು.

ಕೊನೆಗೆ ಕಂಪನಿಗಳೇ ಬೀಗ ಕಿತ್ತೆಸೆದವು ಎಂಬುದನ್ನು ನಮ್ಮ ಬೀಗಪ್ರಿಯರು ಸದಾ ಮರೆಯುತ್ತಾರೆ. ಇಎಂಐ 2007ರ ಹೊತ್ತಿಗೆ ಸಿಡಿ ಬೀಗ ನಿಲ್ಲಿಸಿತು, ಅದೇ ವರ್ಷ ಆನ್‌ಲೈನಿನಲ್ಲೂ ಬೀಗವಿಲ್ಲದ ಹಾಡು ಮಾರಲು ಒಪ್ಪಿತು. 2008ರ ಜನವರಿಯಲ್ಲಿ ನಾಲ್ಕು ದೊಡ್ಡ ಸಂಗೀತ ಕಂಪನಿಗಳಲ್ಲಿ ಕೊನೆಯದಾಗಿ ಸೋನಿ ಬಿಎಂಜಿಯೂ ಒಪ್ಪಿತು. 2009ರಲ್ಲಿ ಆಪಲ್ ಐಟ್ಯೂನ್ಸ್ ಹಾಡುಗಳ ಬೀಗ ತೆಗೆಯಿತು. ಗಿರಾಕಿಯ ಮೇಲೆ ಪ್ರೀತಿ ಉಕ್ಕಿ ಅಲ್ಲ, ಬೀಗದಿಂದ ಒಂದು ಕಾಸೂ ಉಳಿಯಲಿಲ್ಲ ಎಂದು ಖಾತ್ರಿಯಾಗಿ. ಮಾಡಿದವರೇ ಕೈಬಿಟ್ಟ ಸಿದ್ಧಾಂತವನ್ನು ನಾವು ಹುಬ್ಬಳ್ಳಿಯಲ್ಲಿ ಇನ್ನೂ ಭಜಿಸುತ್ತಿದ್ದೇವೆ.

ಹಾಗಾದರೆ ಕಳ್ಳ ಮಾಲಿಗೆ ಮದ್ದೇ ಇಲ್ಲವೇ ಎಂದರೆ, ಇದೆ. ನಮ್ಮ ದೇಶವೇ ಅದನ್ನು ಎರಡು ಸಲ ಕಂಡುಕೊಂಡಿದೆ. 70ರ ದಶಕದವರೆಗೆ ಹಾಡು ಎಂದರೆ ಎಚ್‌ಎಂವಿ, ಎಚ್‌ಎಂವಿ ಎಂದರೆ ದುಬಾರಿ, ಅದೂ ಬೇಕಾದ ಊರಿಗೆ ಬೇಕಾದ ಹೊತ್ತಿಗೆ ಬರದು. ಕ್ಯಾಸೆಟ್ಟು ಬಂದೊಡನೆ ಕಳ್ಳ ಪ್ರತಿಗಳು ಬೆಳೆದದ್ದು ಆ ಖಾಲಿ ಜಾಗದಲ್ಲಿ. ಆಮೇಲೆ ಟಿ-ಸೀರೀಸ್‌ನಂಥವರು ಅಗ್ಗದ ಬೆಲೆಗೆ ಕಿರಾಣಿ ಅಂಗಡಿಯಲ್ಲೂ ಕ್ಯಾಸೆಟ್ಟು ಸಿಗುವ ಹಾಗೆ ಮಾಡಿದರು. ಅವರ ಎಲ್ಲ ದಾರಿಗಳೂ ಶುದ್ಧವಿರಲಿಲ್ಲ, ಅದು ಬೇರೆ ಕಥೆ. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ದಿಂದ ಮೊದಲಾದ ಭಾವಗೀತೆಯ ಕ್ಯಾಸೆಟ್ಟುಗಳು ಮನೆ ಮನೆ ಮುಟ್ಟಿದ್ದು ಬೀಗವಿಲ್ಲದೆ, ಡಬಲ್ ಡೆಕ್ ಟೇಪ್ ರೆಕಾರ್ಡರ್ ಇದ್ದ ಯಾರು ಬೇಕಾದರೂ ಅವನ್ನು ನಕಲು ಮಾಡಬಹುದಿತ್ತು, ಆದರೂ ಜನ ಕೊಂಡರು. ಎರಡನೆಯದು 2007ರ ಸುಮಾರಿನ ಮಾತು. ಮೋಸರ್ ಬೇಯರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಾಟಕ್ಕಿಟ್ಟಿತು. ಗಾಡಿಯವನ ಮಾಲಿಗೂ ಕಂಪನಿ ಮಾಲಿಗೂ ಬೆಲೆಯಲ್ಲಿ ಅಂತರವೇ ಉಳಿಯಲಿಲ್ಲವೆಂದರೆ ಅಕ್ಷರ ತಪ್ಪಿರುವ ಜೆರಾಕ್ಸ್ ಹೊದಿಕೆಯನ್ನು ಯಾರು ಕೊಂಡಾರು?

ನಮ್ಮ ರಾಜ್ಯ ಸರಕಾರಕ್ಕೆ ಮಾತ್ರ ಇದಕ್ಕಿಂತ ದೊಡ್ಡ ದೊಣ್ಣೆಯೇ ಬೇಕಾಯಿತು. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಆಡಿಯೋ, ವಿಡಿಯೋ ನಕಲು ಮಾಡುವವರನ್ನು ಕಳ್ಳಭಟ್ಟಿಯವರ, ಗೂಂಡಾಗಳ ಸಾಲಿಗೆ ಸೇರಿಸಿತು. ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ, ಆ ಹೊತ್ತಿಗೆ ಹಾಡು ತಟ್ಟೆ ಬಿಟ್ಟು ಮೊಬೈಲಿಗೆ ಹೋಗಿ ಆಗಿತ್ತು.

ಕಲಾವಿದನ ಹೆಸರು ಹೇಳಿ ಬೀಗ ಹಾಕುವವರಿಗೆ ಇನ್ನೊಂದು ಪ್ರಶ್ನೆ ಇದೆ. ನಮ್ಮ ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಪಾಲು ತಪ್ಪಿಸಿದ್ದು ದುರ್ಗದಬೈಲಿನ ಗಾಡಿಯವನೋ, ಒಂದೇ ಸಹಿಗೆ ಎಲ್ಲ ಹಕ್ಕನ್ನೂ ಬರೆಸಿಕೊಳ್ಳುತ್ತಿದ್ದ ಕರಾರು ಪತ್ರವೋ? ಆ ಪಾಲನ್ನು ಯಾರೂ ಬರೆಸಿಕೊಳ್ಳಕೂಡದು ಎಂದು ಕಾನೂನು ಬರಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅದನ್ನು ಜೋರಾಗಿ ವಿರೋಧಿಸಿದವರು ಸಂಗೀತ ಕಂಪನಿಗಳೂ ನಿರ್ಮಾಪಕರೂ, ಗಾಡಿಯವರಲ್ಲ. ಕಳ್ಳನನ್ನು ನಾನು ಸಮರ್ಥಿಸುತ್ತಿಲ್ಲ. ಬರೆದವನ ಹೆಸರನ್ನೂ ಹಾಕದೆ ಅವನ ಹಾಡು ಮಾರುವುದು ನೀಚ ಕೆಲಸ. ಆದರೆ ಕಲಾವಿದನ ಹಸಿವನ್ನು ಬೀಗದ ಜಾಹೀರಾತಿಗೆ ಬಳಸುವವರ ಕೈಯೂ ಸ್ವಚ್ಛವಿಲ್ಲ.

ಧಾರವಾಡ ಸೀಮೆಯವರಾಗಿ ನಾವಂತೂ ಈ ವಾದಕ್ಕೆ ತಲೆಯಾಡಿಸಬಾರದು. ಬೀಗದ ಸಿದ್ಧಾಂತ ನಮಗೆ ಹೊಸದಲ್ಲ, ಘರಾಣೆಗಳ ಕಾಲದಿಂದ ಕಂಡಿದ್ದೇವೆ. ಚೀಜು ಕದ್ದಾರೆಂಬ ಭಯಕ್ಕೆ ಬಂದಿಶ್ ಬಚ್ಚಿಟ್ಟುಕೊಂಡ, ರೆಕಾರ್ಡಿಂಗ್ ಯಂತ್ರ ಕಂಡರೆ ದೂರ ಸರಿದ ಉಸ್ತಾದರ ಕಾಲವೊಂದಿತ್ತು. ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನ್ ಸಾಹೇಬರು 1946ರಲ್ಲಿ ತೀರಿಕೊಂಡರು. ಕಂಪನಿಗಳಿಗೆ ಅವರು ಹಾಡಲೇ ಇಲ್ಲ. ಅವರ ಗಾಯನ ಹೇಗಿತ್ತು ಎಂಬುದನ್ನು ನಾವು ಇವತ್ತು ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್‌ರಿಂದ ಕಲಿತ ಮಲ್ಲಿಕಾರ್ಜುನ ಮನಸೂರರಂಥವರ ಕಂಠದ ಮೂಲಕ ಊಹಿಸಬೇಕಷ್ಟೇ. ಕಿರಾಣಾದ ಅಬ್ದುಲ್ ಕರೀಂ ಖಾನ್ ಸಾಹೇಬರು ರೆಕಾರ್ಡಿಗೆ ಹಾಡಿದರು. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಆ ಅರಗಿನ ತಟ್ಟೆಗಳು ಏನು ಮಾಡಿದವು? ಗದಗಿನ ಹುಡುಗನೊಬ್ಬ ಅಂಗಡಿಯೊಂದರ ಮುಂದೆ ನಿಂತು ಅವರ ಝಿಂಝೋಟಿ ಠುಮರಿಯ ರೆಕಾರ್ಡು ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿದ. ಸುತ್ತಿ ಸುತ್ತಿ ಕೊನೆಗೆ ಬಂದು ಸೇರಿದ್ದು ಕುಂದಗೋಳದಲ್ಲಿ, ಆ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಮನೆಗೆ. ಆ ಹುಡುಗ ಭೀಮಸೇನ ಜೋಶಿ. ಧಾರವಾಡದ ಹುಡುಗಿಯೊಬ್ಬಳು ಗ್ರಾಮೋಫೋನಿನ ದನಿ ಕೇಳಿದರೆ ಬೀದಿಗೆ ಓಡಿ ಬಂದು, ಕೇಳಿದ್ದನ್ನು ಹಾಗೆಯೇ ಹಾಡುತ್ತಿದ್ದಳು. ಆಕೆ ಗಂಗೂಬಾಯಿ.

ಇಬ್ಬರೂ ಆ ಹಾಡಿಗೆ ಕಾಸು ಕೊಟ್ಟಿರಲಿಲ್ಲ. ಅಂಗಡಿಯವನೂ ಜನರನ್ನು ಸೆಳೆಯಲೆಂದು ರಸ್ತೆಗೆ ಕೇಳುವ ಹಾಗೆ ಹಚ್ಚಿದ್ದ. ಇವತ್ತಿನ ಕಾಯ್ದೆಯ ಪ್ರಕಾರ ಅವನಿಗೆ ಪರವಾನಗಿ ಬೇಕು, ಇವತ್ತಿನ ಬೀಗದ ಪ್ರಕಾರ ಆ ದನಿ ಇಯರ್‌ಫೋನಿನ ಹೊರಗೇ ಬರುತ್ತಿರಲಿಲ್ಲ. ಕಂಪನಿಗೆ ಆ ದಿನ ಆದ ನಷ್ಟವನ್ನು ಎರಡು ಬಿಲ್ಲೆಯೆಂದು ಬರೆದುಕೊಳ್ಳೋಣ. ಲಾಭದ ಕಾಲಮ್ಮಿನಲ್ಲಿ ಭೀಮಸೇನರ ಐವತ್ತು ಚಿಲ್ಲರೆ ವರ್ಷದ ರೆಕಾರ್ಡು ಮಾರಾಟವನ್ನೂ ಬರೆಯಬೇಕಾಗುತ್ತದೆ.

ಇನ್ನು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ. ಮನಸೂರರನ್ನೂ ಬಸವರಾಜ ರಾಜಗುರುಗಳನ್ನೂ ಅದು ಪ್ರಸಾರ ಮಾಡಿದ ಹೊತ್ತಿನಲ್ಲಿ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮನೆ ಮಂದಿಗೆಲ್ಲ ಕೆಮ್ಮಬೇಡಿ ಎಂದು ತಾಕೀತು ಮಾಡಿ ಮುದ್ರಿಸಿಕೊಂಡವರು ಎಷ್ಟು ಜನ! ನಡುವೆ ಎಮ್ಮೆ ಕೂಗಿದ್ದೂ, ಕುಕ್ಕರ್ ಸೀಟಿಯೂ ಸೇರಿದ ಆ ಕ್ಯಾಸೆಟ್ಟುಗಳಲ್ಲಿ ಕೆಲವು ರಾಗಗಳು ಬೇರೆಲ್ಲೂ ಸಿಗದ ಹಾಗೆ ಉಳಿದಿವೆ. ಹಳೆಯ ತಟ್ಟೆಗಳಲ್ಲೂ ಅಷ್ಟೇ. ಕಂಪನಿಯ ಗೋದಾಮಿಗಿಂತ ಖಾಸಗಿ ಸಂಗ್ರಾಹಕರ ಕಪಾಟೇ ಹೆಚ್ಚು ಉಳಿಸಿದೆ. ನಕಲು ಮಾಡಲು ಬರದ ಬೀಗ ಆಗ ಇದ್ದಿದ್ದರೆ ಇವರೆಲ್ಲ ಪ್ರಾಮಾಣಿಕರಾಗಿಯೇ ಇರುತ್ತಿದ್ದರು, ಹಾಡು ಇರುತ್ತಿರಲಿಲ್ಲ.

“ಅದೆಲ್ಲ ಸಿಡಿ ಕಾಲದ ಮಾತು, ಈಗ ಎಲ್ಲ ಆಪ್‌ನಲ್ಲಿದೆ” ಎಂದು ತಳ್ಳಿಹಾಕುವವರಿದ್ದಾರೆ. ಬೀಗ ಹೋಗಲಿಲ್ಲ, ತಟ್ಟೆಯಿಂದ ಆಪ್‌ಗೆ ದಾಟಿತು. ಅದೂ ಈಗ ಇನ್ನೂ ಗಟ್ಟಿ, ಯಾಕೆಂದರೆ ಕೀಲಿ ನಮ್ಮ ಮನೆಯಲ್ಲೇ ಇಲ್ಲ. 2008ರಲ್ಲಿ ಯಾಹೂ ತನ್ನ ಸಂಗೀತದ ಅಂಗಡಿ ಮುಚ್ಚಿದಾಗ, ಸೆಪ್ಟೆಂಬರ್ 30ರ ನಂತರ ಬೀಗದ ಕೀಲಿ ಕೊಡುವ ಸರ್ವರು ಇರುವುದಿಲ್ಲ ಎಂದು ತಿಳಿಸಿತು. ಜನ ಕೊಂಡ ಹಾಡುಗಳು ಹೊಸ ಕಂಪ್ಯೂಟರಿಗೆ ಹೋದರೆ ಮೂಕ. ಗಲಾಟೆಯಾದ ಮೇಲೆ ಹಣ ವಾಪಸಿನ ಮಾತು ಬಂತು. ಇದಕ್ಕೆ ಎದುರಾಗಿ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆದು ಬೀಗವಿಲ್ಲದ ಎಂಪಿ3 ಮಾರಿತು; ದಂಧೆ ಗಿಟ್ಟದೆ 2013ರಲ್ಲಿ ಮುಚ್ಚಿತು. ಇಳಿಸಿಕೊಳ್ಳಲು ಜನರಿಗೆ ಸಮಯ ಕೊಟ್ಟಿತು, ಅಷ್ಟೇ. ಆಗ ಕೊಂಡ ಹಾಡು ಈಗಲೂ ಕೊಂಡವರ ಬಳಿ ನುಡಿಯುತ್ತದೆ. ಎರಡೂ ಅಂಗಡಿ ಮುಚ್ಚಿದವು. ಒಂದು ಗಿರಾಕಿಯ ಮಾಲನ್ನೂ ಮೂಕ ಮಾಡಿತು, ಇನ್ನೊಂದು ಮಾಡಲಿಲ್ಲ. ನಡುವಿನ ವ್ಯತ್ಯಾಸ ಬೀಗದ್ದು.

2024ರ ಜನವರಿ ಕೊನೆಗೆ ರೆಸ್ಸೊ ಎಂಬ ಹಾಡಿನ ಆಪ್ ಭಾರತದಲ್ಲಿ ನಿಂತಿತು. ಅದೇ ವರ್ಷ ಏರ್‌ಟೆಲ್ ವಿಂಕ್ ಮ್ಯೂಸಿಕ್ಕನ್ನು ಮುಚ್ಚುವುದಾಗಿ ಹೇಳಿತು. ಇಂಥ ಆಪ್‌ಗಳಲ್ಲಿ ಡೌನ್‌ಲೋಡ್ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಹಾಡು ಮೊಬೈಲಿನೊಳಗೇ ಬಂದು ಕೂರುತ್ತದೆ, ಆದರೆ ಆಪ್ ಸತ್ತ ದಿನ ಹಾಡೂ ಸಾಯುತ್ತದೆ. ಬಾಡಿಗೆ ಎಂದು ಮೊದಲೇ ನೆಟ್ಟಗೆ ಹೇಳಿದ್ದರೆ ನನ್ನ ತಕರಾರಿಲ್ಲ. ಬಾಡಿಗೆಯ ಹೊರತು ಬೇರೆ ದಾರಿಯನ್ನೇ ಮುಚ್ಚುತ್ತ ಬಂದದ್ದರ ಮೇಲೆ ತಕರಾರು. ಕನ್ನಡದ ಹೊಸ ಹಾಡೊಂದನ್ನು ದುಡ್ಡು ಕೊಟ್ಟು, ನನ್ನದೇ ಎಂದು, ಕಡತವಾಗಿ ಕೊಳ್ಳುತ್ತೇನೆಂದರೆ ಎಲ್ಲಿ ಹೋಗಲಿ? ಹುಬ್ಬಳ್ಳಿಯಲ್ಲಿ ಸಿಡಿ ಅಂಗಡಿಯಂತೂ ಹುಡುಕಿದರೂ ಸಿಗುವುದು ಕಷ್ಟ.

ಕಾನೂನು ಬೀಗದ ವಿಷಯದಲ್ಲಿ ನಮ್ಮ ಸಭೆಗಳ ಪಂಡಿತರಿಗಿಂತ ಮೆದುವಾಗಿದೆ ಎಂಬುದು ವಿಚಿತ್ರ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು ಬೀಗ ಮುರಿಯುವುದನ್ನು ಅಪರಾಧ ಎನ್ನುತ್ತದೆ, ಎರಡು ವರ್ಷದವರೆಗೆ ಸಜೆ ಇದೆ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ. ಖಾಸಗಿ ಬಳಕೆಗೆ, ಅಭ್ಯಾಸಕ್ಕೆ, ಸಂಶೋಧನೆಗೆ ನ್ಯಾಯವಾಗಿ ಬಳಸುವುದನ್ನು 52ನೇ ಕಲಮು ಬಿಟ್ಟುಕೊಟ್ಟಿದೆ. ಅಂದರೆ ನಾನು ಕೊಂಡ ಹಾಡನ್ನು ನನ್ನ ಕಾರಿನಲ್ಲಿ ಕೇಳಲೆಂದು ನಕಲು ಮಾಡಿಕೊಂಡರೆ ನಮ್ಮ ಕಾಯ್ದೆ ನನ್ನನ್ನು ಕಳ್ಳನೆಂದು ಕರೆಯಲು ಹೊರಟಿಲ್ಲ. ಕರೆಯುತ್ತಿರುವುದು ಬೀಗ. ಅದಕ್ಕೆ ಉದ್ದೇಶ ಗೊತ್ತಾಗುವುದಿಲ್ಲ, 52ನೇ ಕಲಮನ್ನು ಅದು ಓದಿಲ್ಲ. ಹಾಡಿನ ಮುದ್ರಿಕೆಯ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ ಎಂದು ಕಾಯ್ದೆ ಹೇಳುತ್ತದೆ. 60 ವರ್ಷ ತುಂಬಿದ ದಿನ ತಾನಾಗಿ ತೆರೆದುಕೊಳ್ಳುವ ಬೀಗವನ್ನು ಯಾವ ಕಂಪನಿಯಾದರೂ ಮಾಡಿದೆಯೇ?

ನಮ್ಮ ಬೈರಿದೇವರಕೊಪ್ಪದ ಓಣಿಯಲ್ಲಿ ಖಯಾಲ್ ಕಲಿಯುವ ಹುಡುಗಿಯೊಬ್ಬಳಿದ್ದಾಳೆ. ತಿಂಗಳು ತಿಂಗಳು ಆಪ್‌ಗೆ ದುಡ್ಡು ಕಟ್ಟುತ್ತಾಳೆ, ಜಾಹೀರಾತು ಬೇಡವೆಂದು. ಗುರುಗಳು ಒಂದು ತಾನು ಕೊಟ್ಟು, ಹಳಬರು ಅದನ್ನು ಹೇಗೆ ಹೇಳುತ್ತಿದ್ದರು ಕೇಳಿಕೊಂಡು ಬಾ ಎನ್ನುತ್ತಾರೆ. ದ್ರುತ್‌ನಲ್ಲಿ ಮಿಂಚಿನ ಹಾಗೆ ಹೋಗುವ ತಾನನ್ನು ಬಿಡಿಸಿ ಕೇಳಬೇಕೆಂದರೆ ಅರ್ಧ ವೇಗಕ್ಕೆ ಇಳಿಸಬೇಕು. ಗಂಡು ದನಿಯ ಷಡ್ಜವನ್ನು ತನ್ನ ಕಪ್ಪು ನಾಲ್ಕಕ್ಕೆ ಏರಿಸಿಕೊಂಡರೆ ಜೊತೆಗೆ ಹಾಡಲು ಬರುತ್ತದೆ. ಆ ಎಂಟು ಸೆಕೆಂಡಿನ ತುಣುಕನ್ನು ಮತ್ತೆ ಮತ್ತೆ ಸುತ್ತಿಸಬೇಕು. ಇದನ್ನೆಲ್ಲ ಮಾಡುವ ಉಚಿತ ತಂತ್ರಾಂಶ ಆಕೆಯ ಲ್ಯಾಪ್‌ಟಾಪಿನಲ್ಲಿದೆ. ಆದರೆ ಅದು ಆಪ್‌ನೊಳಗಿನ ಹಾಡನ್ನು ಮುಟ್ಟಲಾರದು.

“ಮತ್ತೇನ್ ಮಾಡ್ತೀಯವಾ?” ಎಂದೆ.

“ಏನ್ ಮಾಡೂದ್ರಿ ಕಾಕಾ, ಅದಽ ಹಾಡು ಯಾವ್ದರೆ ಸೈಟಿನಿಂದ ಇಳಿಸಿಕೊಳ್ತೀನಿ. ಅದು ಎಲ್ಲಾದ್ರಾಗೂ ನಡೀತದ.”

ದುಡ್ಡು ಕಟ್ಟಿದ ಪ್ರತಿ ಅಭ್ಯಾಸಕ್ಕೆ ಬರುವುದಿಲ್ಲ, ಕದ್ದ ಪ್ರತಿ ಬರುತ್ತದೆ. ಅದೇ ಮುದ್ರಿಕೆಯನ್ನು ಬೀಗವಿಲ್ಲದ ಕಡತವಾಗಿ, ಹಾಡಿದವರ, ತಬಲಾ ಸಾರಂಗಿ ನುಡಿಸಿದವರ ಹೆಸರು ಸಮೇತ, ಒಂದು ಮಿರ್ಚಿ-ಗಿರ್ಮಿಟ್ ಪ್ಲೇಟಿನ ಬೆಲೆಗೆ ಕಂಪನಿ ಮಾರಲಿ. ಆಕೆ ಕೊಳ್ಳುತ್ತಾಳೆ, ಆಕೆಯ ಗುರುಕುಲದ ಗೆಳತಿಯರೂ ಕೊಳ್ಳುತ್ತಾರೆ, ನಾನೂ ಅದೇ ಮಾಲ್ಕೌಂಸನ್ನು ನಾಲ್ಕನೆಯ ಸಲ ಕೊಳ್ಳಲು ತಯಾರಿದ್ದೇನೆ. ಅಲ್ಲಿಯವರೆಗೆ ಯಾವ ಸಭೆಯಲ್ಲೂ ಯಾರೂ ಆ ಹುಡುಗಿಗೆ ಪ್ರಾಮಾಣಿಕತೆಯ ಪಾಠ ಹೇಳಲು ಬರಬೇಡಿ. ಆಕೆಯ ಈ ತಿಂಗಳ ಕಂತು ಹೋಗಿದೆ, ರಸೀದಿ ಮೊಬೈಲಿನಲ್ಲಿದೆ.